ಅಕ್ಕೋರು ಓದಿದ ತಂತಿ

ನೀಲಾಂಬಿಕ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿದ್ದಳು, ಎರಡು ಸಲವೂ ಇಂಗ್ಲಿಷಿನಲ್ಲೇ. ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿಗೆ ಹತ್ತಿರದ ಒಂದು ಕಾಡಂಚಿನ ಹಳ್ಳಿಯಲ್ಲಿ ಅವಳಿಗೆ ಹಂಗಾಮಿಯಾಗಿ ಶಾಲೆಯ ಕೆಲಸ ಸಿಕ್ಕಿತ್ತು. ಮೂರನೇ ಸಲವೂ ಪಾಸಾಗದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು. ಕೆಲಸ ಹೋದರೆ ಶಿಕಾರಿಪುರದಲ್ಲಿ ಅಪ್ಪ ಪಂಚಾಕ್ಷರಪ್ಪನವರ ಜವಳಿ ಅಂಗಡಿಯ ಹಿಂದಿನ ಮನೆಗೆ ವಾಪಸು. ಹೋಗಿ ತಿಂಗಳು ತುಂಬುವುದರೊಳಗೆ ಮದುವೆ. ಆಗ ಅವಳಿಗೆ ಇಪ್ಪತ್ತೊಂದು ವರ್ಷ.

ಶಿಕಾರಿಪುರದಲ್ಲಿ ಅವಳಿಗೆ ಪಾಠ ಹೇಳಿದ್ದ ಸದಾಶಿವಪ್ಪ ಮೇಷ್ಟ್ರು ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದನ್ನು ಕೊಟ್ಟಿದ್ದರು. ನೂರು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿ.

"ವ್ಯಾಕರಣ ಹಂಗಿರಲಿ ತಂಗಿ, ನಿನ್ನ ಹತ್ರ ಪದಾನೇ ಇಲ್ಲ. ಇದನ್ನ ಓದು. ದಿನಕ್ಕ ಹತ್ತು ಪದ ಕಲಿ, ಸಾಕು" ಎಂದಿದ್ದರು.

ಅವಳು ಹತ್ತೇ ಕಲಿತಳು, ಒಂದು ದಿನವೂ ತಪ್ಪಿಸದೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಪದ, ಬಲಗಡೆ ಅರ್ಥ. ನಿಘಂಟಿನಲ್ಲಿ ನಾಲ್ಕೈದು ಅರ್ಥಗಳಿದ್ದರೂ ಕಥೆಗೆ ಹೊಂದುವ ಒಂದನ್ನು ಮಾತ್ರ ಬರೆದುಕೊಂಡು ಮುಂದೆ ಹೋಗುತ್ತಿದ್ದಳು. ಆ ಕಾದಂಬರಿಯಲ್ಲೋ ನಾಲ್ಕು ಅಧ್ಯಾಯಕ್ಕೊಬ್ಬರು ಸಾಯುತ್ತಿದ್ದರು. ವರ್ಷ ತುಂಬುವುದರೊಳಗೆ ಸನ್ನಿ, ಶವಪೆಟ್ಟಿಗೆ, ಉಯಿಲು, ವಿಧವೆ ಎಲ್ಲಕ್ಕೂ ಅವಳ ಹತ್ತಿರ ಇಂಗ್ಲಿಷಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಆಡಬೇಕಾದ ಮಾತಿಗೆ ಇರಲಿಲ್ಲ.

ಐವತ್ತೆಂಟರ ಬೇಸಿಗೆ ಬಂತು. ಹಿಂದಿನ ವರ್ಷದಂತೆಯೇ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮಂಗ ಸತ್ತ ಕಡೆ ಹೋಗಿಬಂದವರಿಗೆ ಜ್ವರ; ದನಗಳ ಮೈಗೆ ಹತ್ತುವ ಉಣುಗು ಕಚ್ಚಿ ಬರುತ್ತದೆ ಎಂದು ಜೀಪಿನಲ್ಲಿ ಬಂದ ಡಾಕ್ಟರುಗಳು ಹೇಳುತ್ತಿದ್ದರು. ಮಕ್ಕಳು ಶಾಲೆಗೆ ಬಂದ ಕೂಡಲೇ ನೀಲಾಂಬಿಕ ಒಬ್ಬೊಬ್ಬರ ಕಾಲು, ಕಂಕುಳು ನೋಡುತ್ತಿದ್ದಳು. ಬಾಗಿಲು ಹಾಕಿಕೊಂಡು ತನ್ನದನ್ನೂ ನೋಡಿಕೊಳ್ಳುತ್ತಿದ್ದಳು. ಹಣೆ ಸ್ವಲ್ಪ ಬಿಸಿ ಅನ್ನಿಸಿದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅವಳು ಇದ್ದದ್ದು ಹುಲಿಯಮ್ಮನ ಮನೆಯ ಹೊರಕೋಣೆಯಲ್ಲಿ. ಹುಲಿಯಮ್ಮನ ಗಂಡ ಸಣ್ಣಪ್ಪ ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ತರಲು ಕಾಡಿಗೆ ಹೋಗಿದ್ದವನು ವಾರದೊಳಗೆ ಮಲಗಿದ. ಜ್ವರ ಏರಿ ವಸಡಿನಲ್ಲಿ ರಕ್ತ ಕಂಡಾಗ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ಮಗ ಉಚ್ಚಂಗಪ್ಪ ಅದೇ ಊರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ನೋಡಿಕೊಳ್ಳುತ್ತೇನೆ ಎಂದ.

ಹನ್ನೆರಡು ದಿನ ಸುದ್ದಿಯಿಲ್ಲ. ಹದಿಮೂರನೆಯ ದಿನ ಮಧ್ಯಾಹ್ನ ಸೊರಬದ ಅಂಚೆಯಾಳು ಕೆಂಪಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತ. ಚಪ್ಪಲಿ ಬಿಟ್ಟವನು ಒಳಗೆ ಬರಲಿಲ್ಲ.

"ಅಕ್ಕೋರೆ, ತಂತಿ. ನಿಮ್ಮ ಹೆಸರಿಗದೆ."

ಅವಳು ಲಕೋಟೆ ಈಸಿಕೊಂಡಳು. ಬಿಚ್ಚಿದಾಗ ಒಳಗಿದ್ದದ್ದು ಒಂದೇ ಸಾಲು: ಫಾದರ್ ಡಿಪಾರ್ಟೆಡ್ ಮಾರ್ನಿಂಗ್, ಇನ್ಫಾರ್ಮ್ ಮದರ್, ಉಚ್ಚಂಗಪ್ಪ.

ಡಿಪಾರ್ಟೆಡ್. ಅವಳಿಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದರ ಎದುರಿಗೆ 'ಮೃತರಾದವರು' ಎಂದಿತ್ತು.

ಕೆಂಪಪ್ಪ ಅವಳ ಮುಖ ನೋಡಿ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಅವಳು ತಂತಿಯನ್ನು ಹಾಜರಿ ಪುಸ್ತಕದೊಳಗಿಟ್ಟು ಮಕ್ಕಳಿಗೆ ಮಗ್ಗಿ ಹೇಳಿಸಿದಳು. ಹದಿಮೂರರ ಮಗ್ಗಿ ಮುಗಿದರೆ ಮತ್ತೆ ಹದಿಮೂರರ ಮಗ್ಗಿ. ಮನೆ ನಾಲ್ಕು ಮಾರು ದೂರದಲ್ಲಿತ್ತು. ಅಷ್ಟು ದೂರ ನಡೆದು ಹೋಗಿ ಒಬ್ಬ ಹೆಂಗಸಿಗೆ ಈ ಮಾತು ಹೇಳುವ ಧೈರ್ಯ ಅವಳಲ್ಲಿರಲಿಲ್ಲ. ಹೀಗೇ ಎರಡು ಗಂಟೆ ಕಳೆಯಿತು. ಕೊನೆಗೆ ಹುಲಿಯಮ್ಮನೇ ಬಂದಳು.

"ತಂತಿ ಬಂದದ್ಯಂತೆ. ಎಂತ ಬರ್ದದೆ ಅದ್ರಾಗೆ?"

ನೀಲಾಂಬಿಕ ಹಾಜರಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ಹೋದ್ರಾ? ಹೌದಾದ್ರೆ ಹೌದನ್ರಿ, ಇಲ್ಲಾಂದ್ರೆ ಇಲ್ಲಾನ್ರಿ ಅಕ್ಕೋರೆ."

"ನನಗ ಸರಿಯಾಗಿ ಗೊತ್ತಾಗವಲ್ದು ಹುಲಿಯಮ್ಮ. ಇಂಗ್ಲಿಷು... ಸೊರಬಕ್ಕೆ ಹೋಗಿ ಪೋಸ್ಟ್ ಮಾಸ್ಟರನ್ನ ಕೇಳ್ಕೊಂಡು ಬರ್ತೀನಿ."

ಸುಳ್ಳು ಹೇಳುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಹುಲಿಯಮ್ಮ ಅಳಲಿಲ್ಲ, ಜಗಲಿಯ ಕಂಬ ಹಿಡಿದುಕೊಂಡು ಕೂತಳು.

ಸೊರಬಕ್ಕೆ ಐದು ಮೈಲಿ. ಅರ್ಧ ದಾರಿ ಕಾಡಿನಲ್ಲಿ. ನೀಲಾಂಬಿಕ ಸೀರೆಯನ್ನು ಎತ್ತಿ ಕಟ್ಟಿ, ದಾರಿಯ ನಟ್ಟನಡುವೆ, ಹುಲ್ಲು ತಾಗದಂತೆ ನಡೆದಳು. ಒಂದು ಕಡೆ ಗಬ್ಬು ವಾಸನೆ ಬಡಿಯಿತು. ಯಾವ ಮರದ ಕೆಳಗೆ ಏನು ಬಿದ್ದಿದೆಯೋ ನೋಡುವ ಧೈರ್ಯವಾಗದೆ ಮೂಗು ಮುಚ್ಚಿಕೊಂಡು ಓಡಿದಳು. ಮೀನಖಂಡದ ಮೇಲೆ ಏನೋ ಹರಿದಂತಾಗಿ ನಿಂತು ಕೆರೆದು ಕೆರೆದು ಗಾಯ ಮಾಡಿಕೊಂಡಳು. ಉಣುಗಲ್ಲ, ಬೆವರು. ಪೋಸ್ಟ್ ಮಾಸ್ಟರು ಹೌದು ಎಂದರೆ ಇದೇ ದಾರಿಯಲ್ಲಿ ಆ ಮಾತನ್ನು ಹೊತ್ತು ವಾಪಸು ಬರಬೇಕಲ್ಲ ಎಂದು ನೆನೆದಾಗ ದಾರಿಯಲ್ಲೇ ಅಳು ಬಂತು.

ಸೊರಬ ಮುಟ್ಟಿದಾಗ ನಾಲ್ಕು ಗಂಟೆ. ಬಸ್ ನಿಲ್ಲುವ ಕಡೆಯ ಮರದ ಬುಡದಲ್ಲಿ ಕಂಬಳಿ ಹೊದ್ದು ಒಬ್ಬ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ದೊಡ್ಡದಾಗಿತ್ತು. ಅವನು ಕತ್ತೆತ್ತಿದ. ನೀಲಾಂಬಿಕ ಕಿಟಾರನೆ ಕಿರುಚಿದಳು. ಸೋಡಾ ಅಂಗಡಿಯವನು ಹೊರಗೆ ಬಂದು ನೋಡಿದ.

"ನಾನು ಅಕ್ಕೋರೆ, ಸಣ್ಣಪ್ಪ" ಎಂದ ಅವನು. "ಗಾಡಿ ತಂದ್ರಾ? ನಾ ಹೊರಟಿದ್ದು ತಿಳಿಸ್ತೀನಿ ಅಂತ ಮಗ ತಂತಿ ಕೊಟ್ಟಿದ್ನಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಸ್ಸಿಳಿದು ಕೂತೀನಿ. ನಡೆಯಾಕೆ ಆಗ್ತಾ ಇಲ್ಲ."

ಅಪ್ಪ ಹೊರಟ ಎಂದು ಉಚ್ಚಂಗಪ್ಪ ಹೇಳಿದ್ದ. ತಂತಿ ಆಫೀಸಿನ ಗುಮಾಸ್ತರು ಅದನ್ನು ಡಿಪಾರ್ಟೆಡ್ ಎಂದು ಇಂಗ್ಲಿಷಿಗೆ ಇಳಿಸಿದ್ದರು. ನಿಘಂಟಿನಲ್ಲಿ 'ಹೊರಟ' ಎಂಬ ಅರ್ಥವೇ ಮೊದಲಿತ್ತು. ಕಥೆಗೆ ಹೊಂದಲಿಲ್ಲವೆಂದು ಅವಳು ಬಿಟ್ಟಿದ್ದಳು. ಅವಳಿಗೆ ಸಂತೋಷಕ್ಕಿಂತ ಮೊದಲು ಹೊಸ ಹೆದರಿಕೆ ಹುಟ್ಟಿತು. ಜ್ವರದಿಂದ ಎದ್ದ ಮನುಷ್ಯ ಮೂರು ತಾಸು ಬೇಸಿಗೆಯ ಬಿಸಿಲ ಝಳದಲ್ಲಿ ತನ್ನಿಂದಾಗಿ ಕೂತಿದ್ದ. ಮತ್ತೆ ಜ್ವರ ತಿರುಗಿದರೆ? ಅವನಿಗೆ ನೀರು ಕುಡಿಸಿ, ಸಂತೆಯಿಂದ ಮರಳುತ್ತಿದ್ದ ಗಾಡಿಯೊಂದನ್ನು ಕಾಡಿ ಬೇಡಿ ಹತ್ತಿಸಿದಳು. ದಾರಿಯುದ್ದಕ್ಕೂ ಅವನು ನಿದ್ದೆ ಹೋದಾಗಲೆಲ್ಲ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಗಾಡಿ ಮನೆ ಮುಟ್ಟಿತು. ಹುಲಿಯಮ್ಮ ಗಂಡನನ್ನು ಇಳಿಸಿಕೊಂಡು ಒಳಗೆ ಮಲಗಿಸಿ, ಗಂಜಿಗೆ ಎಸರಿಟ್ಟು, ಆಮೇಲೆ ಹೊರಕೋಣೆಗೆ ಬಂದಳು.

"ಗೊತ್ತಿಲ್ಲ ಅನ್ನೋರು ಗೊತ್ತಿಲ್ಲದೋರ ಹಂಗೆ ಮುಖ ಇಟ್ಕಬೇಕು" ಎಂದಳು. "ನಿಮ್ಮ ಮುಖ ನೋಡಿ ನಾ ಇವತ್ತು ಅರ್ಧ ಸತ್ತೆ." ಹೀಗಂದು ಅವಳ ಪಕ್ಕದಲ್ಲೇ ಕೂತು, ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನು ಅತ್ತಳು.

ಸಣ್ಣಪ್ಪ ಉಳಿದ. ಕೈನಡುಕ ಮಾತ್ರ ಮಳೆಗಾಲದವರೆಗೂ ಹೋಗಲಿಲ್ಲ. ಪಕ್ಕದ ಕೇರಿಯಲ್ಲಿ ಅದೇ ತಿಂಗಳು ಇಬ್ಬರು ಸತ್ತರು.

ನೀಲಾಂಬಿಕ ಆ ವರ್ಷ ಇಂಗ್ಲಿಷಿನಲ್ಲಿ ಮೂವತ್ತೇಳು ಅಂಕ ತೆಗೆದು ಪಾಸಾದಳು. ಮುಂದಿನ ಬೇಸಿಗೆಗೆ ಮೊದಲೇ ವರ್ಗ ಮಾಡಿಸಿಕೊಂಡು ಶಿಕಾರಿಪುರದ ಕಡೆಯ ಒಂದು ಬಯಲೂರಿನ ಶಾಲೆಗೆ ಬಂದಳು. ಅಷ್ಟು ಹಚ್ಚಿಕೊಂಡಿದ್ದ ಜನರನ್ನು ಯಾಕೆ ಬಿಟ್ಟುಬಂದೆ ಎಂದು ಯಾರಾದರೂ ಕೇಳಿದರೆ ಅವಳು ನೆಪ ಹೇಳುತ್ತಿರಲಿಲ್ಲ.

"ಹೆದರಿಕಿ ಆತು, ಬಂದೆ" ಎನ್ನುತ್ತಿದ್ದಳು.