ಮೂರು ಪ್ಲಗ್ಗಿನ ಮೇಲೆ ಸೊರಬಕ್ಕೆ

ಕಾರು ಕೆಟ್ಟದ್ದು ನನ್ನ ಬಾಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾವ ಹೇಗೂ ಶಿಕಾರಿಪುರದ ತುಂಬ ಹೇಳಿಕೊಂಡು ತಿರುಗಿದ್ದಾರೆ, ಅದೂ ನನ್ನಷ್ಟು ಚೆನ್ನಾಗಿ ಹೇಳಲು ಬಾರದೆ.

ಅಣ್ಣನಿಗೆ ಹೆಣ್ಣು ನೋಡಲು ಹೊರಟಿದ್ದೆವು. ಅಣ್ಣ ಈಸೂರಿನಲ್ಲಿ ಮೇಷ್ಟ್ರು. ಶಾಲೆಯ ಹೊರಗೆ ಮಾತು ಕಡಿಮೆ. ಹಿಂದೆ ಎರಡು ಕಡೆ ‘ಹುಡುಗ ಬಾಯೇ ಬಿಡಲಿಲ್ಲ’ ಎಂದು ಸಂಬಂಧ ತಪ್ಪಿತ್ತು. ಈ ಸೊರಬದ ಹುಡುಗಿಯನ್ನು ಮಾತ್ರ ಅವನೇ ಯಾವುದೋ ಮದುವೆಯಲ್ಲಿ ದೂರದಿಂದ ನೋಡಿ ಬಂದು, ಆಮೇಲೆ ಉಣ್ಣುವಾಗಲೆಲ್ಲ ಗೋಡೆ ನೋಡುತ್ತಿದ್ದ. ಅಂದು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅದರೊಳಗೆ ಬಂದರೆ ಮಾತುಕತೆ, ಇಲ್ಲವಾದರೆ ಬೇರೆ ಸಂಬಂಧ ಕಾದಿದೆ ಎಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದರು.

ಶಿರಾಳಕೊಪ್ಪದ ಮೇಲೆ ಹೋದರೆ ಇಪ್ಪತ್ತೈದು ಮೈಲಿ ಚಿಲ್ಲರೆ. ಬಸ್ಸಿದೆ. ಆದರೆ ಮಾವನ ಬಳಿ ಕಾರಿದೆ; ಕಾರಿದ್ದವರು ಬಸ್ಸಿನಲ್ಲಿ ಹೆಣ್ಣು ನೋಡಲು ಹೋಗುತ್ತಾರೆಯೇ? ಬೆಳಿಗ್ಗೆ ಡ್ರೈವರ್ ಹನುಮಂತಣ್ಣ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ತಿರುಗಿಸಿ ಬೆವೆತ ಮೇಲೆ ಅದು ಕೆಮ್ಮಿ ಎದ್ದಿತು.

“ಯಜಮಾನ್ರೆ, ಇಂಜಿನ್ನಿಗೆ ಕಿಡಿ ಕೊಡೋ ಪ್ಲಗ್ಗು ಬದಲಾಯಿಸ್ರಿ ಅಂತ ಸಂಕ್ರಾಂತಿಯಿಂದ ಹೇಳ್ತಿದೀನಿ. ಹತ್ತು ಸಾವಿರ ಮೈಲಿ ಓಡಿದ್ರೆ ಅದರ ಆಯುಷ್ಯ ಮುಗೀತು. ಈ ನಾಲ್ಕೂ ಅದರ ಎರಡರಷ್ಟು ಓಡ್ಯಾವ. ತುದಿ ಸವೆದು ಸಂದು ಅಗಲಾಗೈತಿ, ಪೆಟ್ರೋಲು ಬ್ಯಾರೆ ಕುಡೀತೈತಿ.”

“ಕಿಡಿ ಬರ್ತೈತೋ ಇಲ್ಲೋ?” ಎಂದರು ಮಾವ.

“ಬರ್ತೈತ್ರಿ, ಮನಸ್ಸು ಬಂದಾಗ.”

“ಮತ್ತೆ? ಬೆಂಕಿ ಉರೀತಿರೋ ಒಲೆ ಯಾರಾದ್ರೂ ಬದಲಾಯಿಸ್ತಾರೇನು?”

ಊರು ದಾಟಿದೆವು. ಬಿಸಿಲು ಹಿತವಾಗಿತ್ತು, ಕಾರೂ ಸುಮಾರಾಗಿ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ನನಗೆ ಬಾಯಿ ತುರಿಸಿತು. ಊರಿನ ಅಮಲ್ದಾರರಿಂದ ಹಿಡಿದು ಎಮ್ಮೆಯವರೆಗೆ ಎಲ್ಲರ ದನಿಯೂ ನನಗೆ ಬರುತ್ತದೆ. ಪ್ಲಗ್ಗು ಹೋದ ಇಂಜಿನ್ನಿನ ದನಿ ಯಾವ ಲೆಕ್ಕ? ನಾಲ್ಕು ಏಟಿಗೆ ಒಂದು ಏಟು ತಪ್ಪಿಸಿ ಗಂಟಲಲ್ಲೇ ಶುರುಮಾಡಿದೆ: ಟಪ್ ಟಪ್ ಟಪ್ ಪುಸ್.

ಮಾವನ ಮುಖ ಬಿಳಿಚಿತು. “ನಿಲ್ಸೋ ಹನುಮಂತ!”

ಹುಣಸೆಮರದ ಕೆಳಗೆ ನಿಲ್ಲಿಸಿ ಹನುಮಂತಣ್ಣ ನಾಲ್ಕೂ ಪ್ಲಗ್ಗು ಬಿಚ್ಚಿದ. ಮಸಿ ಕೆರೆದ, ಊದಿದ, ಒರೆಸಿದ. ನಾನು ನಕ್ಕು ನಿಜ ಒಪ್ಪಿಕೊಳ್ಳುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ಮಾವ ಸಿಟ್ಟಿನಿಂದ ಸ್ಪ್ಯಾನರ್ ಕಿತ್ತುಕೊಂಡು, ಕೊನೆಯ ಪ್ಲಗ್ಗನ್ನು ಗಾಣ ತಿರುಗಿಸುವವರಂತೆ ಬಿಗಿದರು. ‘ಕಟ್’ ಎಂದು ಸದ್ದಾಯಿತು.

“ಇದೂ ನೀನೇ ಏನ್ಲೇ?” ಎಂದು ನನ್ನತ್ತ ತಿರುಗಿದರು.

ನಾನಲ್ಲ. ಪ್ಲಗ್ಗಿನ ಬಿಳಿ ಪಿಂಗಾಣಿ ಸೀಳಿಹೋಗಿತ್ತು. ಕಾರು ಹೊರಟಿತು: ಟಪ್ ಟಪ್ ಟಪ್ ಪುಸ್.

“ಬಾಯಿ ಮುಚ್ಚಲೇ.”

ಮುಚ್ಚಿದೆ. ಹೆಗಲ ಮೇಲಿನ ಟವೆಲ್ಲನ್ನೂ ಬಾಯಿಗೆ ಅದುಮಿ ಹಿಡಿದೆ. ಪುಸ್ ನಿಲ್ಲಲಿಲ್ಲ. ಮಾವ ಎರಡು ಸಲ ನನ್ನ ಗಂಟಲು ಮುಟ್ಟಿ ನೋಡಿದರು. ನನ್ನ ವಿದ್ಯೆಗೆ ಅಷ್ಟು ದೊಡ್ಡ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಶಿರಾಳಕೊಪ್ಪದಲ್ಲಿ ಮೂರು ಅಂಗಡಿ ತಿರುಗಿದೆವು. ಆ ಅಳತೆಯ ಪ್ಲಗ್ಗು ಶಿವಮೊಗ್ಗದಲ್ಲಿ ಮಾತ್ರ ಎಂದರು. ಸಿಕ್ಕಿದ್ದು ಖಾರ ಮಂಡಕ್ಕಿ; ಅದನ್ನೇ ತಿಂದು, ಮೂರು ಪ್ಲಗ್ಗಿನ ಮೇಲೆ ಕುಂಟುತ್ತ ಮುಂದೆ ಹೋದೆವು. ಸೊರಬ ಹತ್ತಿರವಾದಂತೆ ದಾರಿ ಏರಿತು, ಕಾರು ನಿಂತಿತು. ಎಲ್ಲರಿಗಿಂತ ಮೊದಲು ಇಳಿದವನು ಅಣ್ಣ. ಹೊಸ ಪಂಚೆ ಮೇಲಕ್ಕೆ ಕಟ್ಟಿ, ಮಸಿ ಹಿಡಿದ ಕಾರಿನ ಹಿಂಬದಿಗೆ ಕೈಯಿಟ್ಟು, “ತಳ್ರಿ. ಇವತ್ತು ತಪ್ಪಿದರೆ ನನಗೆ ಮದುವೇನೇ ಬೇಡ” ಎಂದ. ಅವನು ಅಷ್ಟುದ್ದ ಮಾತಾಡಿದ್ದು ಕೇಳಿ ಮಾವನೂ ಇಳಿದು ತಳ್ಳಿದರು.

ಹುಡುಗಿಯ ಮನೆ ಮುಟ್ಟಿದಾಗ ರಾಹುಕಾಲಕ್ಕೆ ಹತ್ತೇ ನಿಮಿಷವಿತ್ತು. ತಂದೆ ಗಡಿಯಾರ ನೋಡಿದರು, ಆಮೇಲೆ ಅಣ್ಣನ ಮಸಿ ಹತ್ತಿದ ಕೈ ನೋಡಿದರು. ಮಾವ ತಡವಾದ ಕತೆ ಹೇಳಿ, ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟಿದರು. “ಮಾಡಿ ತೋರ್ಸಪ್ಪ, ಕೇಳೋಣ” ಎಂದರು ತಂದೆ. ಮಾಡಿದೆ. ಒಳಗೆ ಬಳೆ ಸದ್ದು, ತಡೆದ ನಗು.

ಹುಡುಗಿ ಅವಲಕ್ಕಿ ತಂದಿಟ್ಟು ಕಂಬದ ಬಳಿ ನಿಂತಳು. ನಾವೆಲ್ಲ ಅವಲಕ್ಕಿಗೆ ಕೈಹಾಕಿದೆವು. ಆಗ ಅಣ್ಣನ ದನಿ ಕೇಳಿಸಿತು: “ಕೈ ಮಸಿಯಾಗಿದೆ. ತೊಳೆದು ತಿಂತೀನಿ.”

ತಂದೆ ಥಟ್ಟನೆ ನನ್ನತ್ತ ತಿರುಗಿದರು. ಮಾವನೂ ತಿರುಗಿದರು. ನನ್ನ ಬಾಯಿ ತುಂಬ ಅವಲಕ್ಕಿ ಇತ್ತು, ತೆರೆದು ತೋರಿಸಿದೆ.

ಹುಡುಗಿ ತಾನೇ ಚೊಂಬಿನಲ್ಲಿ ನೀರು ತಂದು ಅಣ್ಣನ ಕೈಗೆ ಹೊಯ್ದಳು. ಮಾವ ಗಂಟಲು ಸರಿಮಾಡಿಕೊಂಡು, “ಹುಡುಗನನ್ನ ಏನಾದ್ರೂ ಕೇಳೋದಿದ್ರೆ ಕೇಳವ್ವ” ಎಂದರು.

“ಅವರನ್ನ ಕೇಳೋದು ಏನಿಲ್ಲ. ನಿಮಗೇ ಒಂದು ಮಾತು,” ಎಂದಳು ಅವಳು. “ದಿಬ್ಬಣ ಬರುವಾಗ ನಾಲ್ಕೂ ಪ್ಲಗ್ಗು ಹೊಸದು ಹಾಕಿಸ್ಕೊಂಡು ಬನ್ನಿ. ಈ ಪುಸ್ ಅನ್ನೋರನ್ನ ಮಾತ್ರ ಬಸ್ಸಿಗೆ ಹತ್ತಿಸಿ.”