ರಂಗೋಲಿಯ ಕೆಳಗಿನ ಗೆರೆ

ಆಗಿನ ದಿನಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಅನುಮಾನ ಬರುವುದು ನನ್ನ ಮೇಲೆಯೇ. ವಡೋದರದ ಗೋರ್ವಾದಲ್ಲಿ ನಾವಿದ್ದ ಬಾಡಿಗೆ ಮನೆಯ ಅಡುಗೆಮನೆಗೆ ಹಸಿರು ಬಣ್ಣ ಬಳಿದಿತ್ತು ಎಂದು ನಾನೆನ್ನುತ್ತೇನೆ, ನೀಲಿ ಎಂದು ತಮ್ಮ ಅನಿ. ನನಗಾಗ ಒಂಬತ್ತೋ ಹತ್ತೋ. ಅವನು ಇನ್ನೂ ಶಾಲೆಗೆ ಅಳುತ್ತ ಹೋಗುವ ವಯಸ್ಸು. ಕೆಲವು ವಿವರಗಳು ಖಂಡಿತ ತಪ್ಪಿರಬಹುದು. ಆದರೆ ಆ ಮಳೆಗಾಲದ ಎರಡು ಸದ್ದುಗಳ ಬಗ್ಗೆ ನನಗೆ ಸಂಶಯವಿಲ್ಲ. ಒಂದು, ಅನಿಯ ಎದೆಯೊಳಗಿಂದ ಬರುತ್ತಿದ್ದ ಸುಂಯ್ ಎನ್ನುವ ಉಬ್ಬಸ. ಇನ್ನೊಂದು, ಗ್ಯಾಸ್ ಸಿಲಿಂಡರಿನ ಹಿಂದೆ ಎಲ್ಲೋ ಇದ್ದ ಜೀರುಂಡೆಯ ದನಿ.

ಜೀರುಂಡೆ ಎಂಬ ಹೆಸರೂ ಸರಿಯೋ ತಪ್ಪೋ. ದೀಪ ಹಚ್ಚುವ ಹೊತ್ತಿಗೆ ಕಿರ್ರೆನ್ನುವ, ಉದ್ದ ಮೀಸೆಯ, ನೆಗೆಯುವ ಆ ಕಂದು ಹುಳಕ್ಕೆ ನಮ್ಮ ಮನೆಯಲ್ಲಿದ್ದ ಹೆಸರು ಅದೊಂದೇ.

ಅಪ್ಪನಿಗೆ ವಿಮಾ ಕಚೇರಿಯ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ ಗೋರ್ವಾದ ಈ ಮನೆ ಸಿಕ್ಕಿತ್ತು. ಕೆಳಗಡೆ ನಾವು, ಮೇಲಿನ ಮಹಡಿಯಲ್ಲಿ ಮನೆಯ ಒಡತಿ. ಜೈನರ ಹಿರಿಯ ಹೆಂಗಸು. ಬೀದಿಯವರೆಲ್ಲ ಕರೆಯುವಂತೆ ನಾವೂ ಅವರನ್ನು ಬಾ ಎನ್ನುತ್ತಿದ್ದೆವು, ಅಂದರೆ ಅಮ್ಮ. ಅವರ ಮಾತು ಗುಜರಾತಿ ಬೆರೆತ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನಾದ್ದರಿಂದ ಅಷ್ಟರಮಟ್ಟಿಗೆ ಅದು ನನ್ನ ಮಾತೂ ಹೌದು.

ಮನೆ ಕೊಡುವಾಗ ಬಾ ಹಾಕಿದ ಷರತ್ತು ಎರಡೇ. ಮಾಂಸ ಬೇಯಿಸಬಾರದು. ಮನೆಯೊಳಗೆ ಯಾವ ಜೀವವನ್ನೂ ಕೊಲ್ಲಬಾರದು. ನಾವು ತಿನ್ನುವವರಲ್ಲ, ಕೊಲ್ಲುವವರೂ ಅಲ್ಲ ಎಂದು ಅಪ್ಪ ನಗುನಗುತ್ತಲೇ ಒಪ್ಪಿಕೊಂಡಿದ್ದರು. ಎರಡನೆಯ ಷರತ್ತಿನೊಳಗೆ ಜಿರಳೆಯೂ ಸೇರಿದೆ ಎಂಬುದು ಹೊಳೆದದ್ದು ಮೊದಲ ಮಳೆ ಬಿದ್ದು, ಬಚ್ಚಲಿನ ಮೋರಿಯಿಂದ ಅವು ಮೀಸೆಯಾಡಿಸುತ್ತ ಮೇಲೆ ಬಂದಾಗ.

ಅವುಗಳದ್ದೊಂದು ವಾಸನೆಯಿದೆ. ಮುಗ್ಗಿದ ಹಿಟ್ಟು ಮತ್ತು ಕಮಟು ಎಣ್ಣೆ ಕೂಡಿದಂಥದ್ದು. ಅವ್ವ ರೊಟ್ಟಿಯ ಬುಟ್ಟಿ ತೆಗೆದರೆ ಆ ವಾಸನೆ, ಮಸಾಲೆ ಡಬ್ಬಿ ತೆಗೆದರೆ ಆ ವಾಸನೆ. ನಾನು ಶಾಲೆಯ ಚೀಲವನ್ನು ಕೊಡವದೆ ಹೆಗಲಿಗೆ ಹಾಕುತ್ತಿರಲಿಲ್ಲ.

ಅದೇ ಮಳೆಗಾಲದಲ್ಲಿ ಅನಿಗೆ ಉಬ್ಬಸ ಶುರುವಾಯಿತು. ಅಲ್ಕಾಪುರಿಯ ಡಾಕ್ಟರು ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಮನೆಯಲ್ಲಿ ಜಿರಳೆ ಇವೆಯಾ ಎಂದು ಕೇಳಿದರು. ಅವ್ವ ತಟ್ಟನೆ ಇಲ್ಲ ಎಂದಳು.

"ಅವ ಅಲ್ಲವ್ವಾ," ಅಂದ ಅನಿ, ಉಸಿರೆಳೆದುಕೊಳ್ಳುತ್ತಲೇ. "ದೊಡ್ಡ ದೊಡ್ಡವು ಅವ. ಒಂದಕ್ಕ ರೆಕ್ಕಿನೂ ಅದ."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅನಿ ಬೆರಳಗಲಿಸಿ ಅಳತೆ ತೋರಿಸಿದ್ದ. ಅವುಗಳ ಹಿಕ್ಕೆ, ಕಳಚಿದ ಸಿಪ್ಪೆ ಪುಡಿಯಾಗಿ ಗಾಳಿಯಲ್ಲಿ ಸೇರಿ ಇಂಥ ಮಕ್ಕಳ ಉಸಿರು ಕಟ್ಟಿಸುತ್ತದೆ, ಮೊದಲು ಅವನ್ನು ತೊಲಗಿಸಿ ಎಂದರು ಡಾಕ್ಟರು.

"ಬಾ ಅವರಿಗೆ ಹೇಳಿಬಿಡೋಣ," ಅಂದರು ಅಪ್ಪ ಮನೆ ತಲುಪಿದ ಮೇಲೆ.

"ಏನಂತ ಹೇಳ್ತೀರಿ? ನಮ್ಮ ಮನಿ ತುಂಬ ಜೊಂಡಿಗ್ಯಾ ಅವ, ಕೊಲ್ಲಲಿಕ್ಕೆ ಅಪ್ಪಣಿ ಕೊಡ್ರಿ ಅಂತ? ಮನಿ ಖಾಲಿ ಮಾಡ್ರಿ ಅಂದ್ರ ಈ ಮಳ್ಯಾಗ ಈ ಕೂಸನ್ನ ಕಟಗೊಂಡು ಎಲ್ಲಿಗೆ ಹೋಗೋದು?"

ಅಂದಿನಿಂದ ಮನೆಯೊಳಗೆ ಮಾತು ಸಣ್ಣದಾಯಿತು. ಮಹಡಿಯ ಮೇಲೆ ಕುರ್ಚಿ ಸರಿದರೂ ಅವ್ವ ತಲೆಯೆತ್ತಿ ನೋಡುತ್ತಿದ್ದಳು.

ಬಾ ಅವರ ರೀತಿಯೇ ಬೇರೆ. ಜಿರಳೆ ಕಂಡರೆ ಅದರ ಮೇಲೆ ಸ್ಟೀಲಿನ ಲೋಟ ಕವುಚಿ, ಕೆಳಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ತೂರಿಸಿ, ಹಾಗೇ ಎತ್ತಿಕೊಂಡು ಹಿತ್ತಲಿನ ಗೋಡೆಯಾಚೆ ಬಿಡುತ್ತಿದ್ದರು. ಅನಿ ಅದನ್ನು ಕಲಿತುಬಿಟ್ಟ. ಲೋಟ ಹಿಡಿದು ಮನೆಯೆಲ್ಲ ಓಡಾಡಿದ.

"ಬಿಟ್ಟು ಬಾರಪ್ಪಾ, ಬಿಟ್ಟು ಬಾ," ಅನ್ನುತ್ತಿದ್ದಳು ಅವ್ವ. "ಅವು ನಿನಗಿಂತ ಮೊದಲ ಮನಿ ಸೇರ್ತಾವ."

ಜೀರುಂಡೆಯನ್ನು ಮಾತ್ರ ಅವನು ಹಿಡಿಯಲು ಹೋಗಲಿಲ್ಲ. ಉಬ್ಬಸ ಬಂದಾಗ ಬಾಯಿ ಚೂಪು ಮಾಡಿ ಮೆಲ್ಲಗೆ ಉಸಿರು ಬಿಡಬೇಕೆಂದು ಡಾಕ್ಟರು ಹೇಳಿಕೊಟ್ಟಿದ್ದರು. ಗಾಬರಿಯಲ್ಲಿ ಅವನಿಗೆ ಅದು ಬರುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಜೀರುಂಡೆ ಕಿರ್ರೆನ್ನುವಷ್ಟು ಹೊತ್ತು ಉಸಿರು ಬಿಟ್ಟ. ಅದು ನಿಲ್ಲಿಸಿದಾಗ ಎಳೆದುಕೊಂಡ. ಮತ್ತೆ ಕಿರ್ರೆಂದಿತು, ಮತ್ತೆ ಬಿಟ್ಟ. ಅವನ ಭುಜಗಳು ನಿಧಾನವಾಗಿ ಇಳಿದವು. ಆಮೇಲೆ ದಿನವೂ ಸಂಜೆ ಅಲ್ಲೇ ಅವನ ಜಾಗ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಓದುವಂತೆ ಕೂತು ಎರಡೂ ಸದ್ದುಗಳಿಗೆ ಕಿವಿಗೊಡುತ್ತಿದ್ದೆ. ಯಾವುದು ಮೊದಲು ನಿಂತುಬಿಡುತ್ತದೋ ಎಂಬ ಹೆದರಿಕೆ.

ಶ್ರಾವಣದಲ್ಲಿ ಅವನ ಉಬ್ಬಸ ಹೆಚ್ಚಾಯಿತು. ಅದೇ ದಿನಗಳಲ್ಲಿ ನಮ್ಮ ಹೊಸ್ತಿಲಿನ ರಂಗೋಲಿಯೂ ದೊಡ್ಡದಾಯಿತು.

ಅವ್ವ ದಿನವೂ ರಂಗೋಲಿ ಹಾಕುವವಳೇ. ಅಲ್ಲಿ ದೀಪಾವಳಿಗಷ್ಟೇ ಹಾಕುವ ರೂಢಿ. ಹಾಗಾಗಿ ಓಣಿಯವರಿಗೆ ನಮ್ಮ ಬಾಗಿಲು ನೋಡುವುದೇ ಸಂಭ್ರಮ. ಈಗ ರಂಗೋಲಿಯ ಸುತ್ತ ಒಂದು ದಪ್ಪ ಅಂಚು ಬಂತು. ಬಚ್ಚಲಿನ ಮೋರಿಯ ಸುತ್ತ ಬಳ್ಳಿ, ಸಿಲಿಂಡರಿನ ಹಿಂದೆ ಗೋಡೆಯುದ್ದಕ್ಕೂ ಎಲೆಗಳ ಸಾಲು. ಮೋರಿಗೆ ಯಾರಾದರೂ ರಂಗೋಲಿ ಹಾಕುತ್ತಾರೆಯೇ ಎಂದು ಆಗ ನನಗನ್ನಿಸಿತೋ, ಈಗ ಬರೆಯುವಾಗ ಅನ್ನಿಸುತ್ತಿದೆಯೋ ತಿಳಿಯದು. ಬಾ ಮಾತ್ರ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, "ನಿಮ್ಮ ಕೈಯಲ್ಲಿ ಲಕ್ಷ್ಮಿ ಇದ್ದಾಳೆ ಬೆನ್," ಎಂದಿದ್ದು ನೆನಪಿದೆ; ಅವ್ವನನ್ನು ಅವರು ಬೆನ್, ಅಂದರೆ ತಂಗಿ, ಎಂದೇ ಕರೆಯುತ್ತಿದ್ದರು. ಅವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ರಂಗೋಲಿ ಮುಟ್ಟಬ್ಯಾಡ್ರಿ. ತುಳೀಬ್ಯಾಡ್ರಿ. ಕೈ ತೊಳಕೊಂಡೀರೇನು? ಸೋಪ್ ಹಚ್ಚಿ ತೊಳಕೊಂಡೀರೇನು?" ಎಂದು ಅವಳು ದಿನವಿಡೀ ನಮ್ಮ ಹಿಂದೆ ಬೀಳುತ್ತಿದ್ದಳು. ಬೆಳಕು ಹರಿಯುವ ಮೊದಲೇ ಕಸ ಗುಡಿಸಿ, ಏನನ್ನೋ ಪೇಪರಿನಲ್ಲಿ ಸುತ್ತಿ ಅಪ್ಪನ ಚೀಲದಲ್ಲಿಡುತ್ತಿದ್ದಳು. ಅಪ್ಪ ಅದನ್ನು ಕಾರ್ಖಾನೆಗಳ ರಸ್ತೆಯ ಕಸದ ತೊಟ್ಟಿಗೆ ಹಾಕಿ ಕಚೇರಿಗೆ ಹೋಗುತ್ತಿದ್ದರು. ಒಮ್ಮೆ ಅವರು ಎಸೆಯಲು ಮರೆತು ಊಟದ ಡಬ್ಬಿಯ ಜೊತೆ ಆ ಪೊಟ್ಟಣವೂ ಕಚೇರಿ ಸೇರಿತು. ಸಂಜೆ ಅಪ್ಪ ಹೇಳಿದ್ದು ಇಷ್ಟೇ: "ಇವತ್ತ ನಾ ಊಟ ಮಾಡಲಿಲ್ಲ ನೋಡು."

ಅಪ್ಪ ವಾಪಸು ತಂದ ಆ ಪೊಟ್ಟಣವನ್ನು ನಾನು ಕದ್ದು ಬಿಚ್ಚಿದಾಗ ಅಂಗಾತ ಬಿದ್ದ ಜಿರಳೆಗಳು, ಜೊತೆಗೆ ಸವೆದ ಸೀಮೆಸುಣ್ಣದ ತುಂಡು ಮತ್ತು ಜಿರಳೆಯ ಚಿತ್ರವಿದ್ದ ಅದರ ಖಾಲಿ ಪೆಟ್ಟಿಗೆ ಕಂಡವು. ರಂಗೋಲಿಯ ಅಂಚು, ಬಳ್ಳಿ, ಎಲೆ ಎಲ್ಲವೂ ಜಿರಳೆ ಕೊಲ್ಲುವ ಸೀಮೆಸುಣ್ಣದ್ದು ಎಂದು ನನಗೆ ಗೊತ್ತಾದದ್ದು ಹಾಗೆ.

ಜಿರಳೆ ಕಡಿಮೆಯಾದವು. ಒಂದು ಸಂಜೆ ಜೀರುಂಡೆಯೂ ಕೂಗಲಿಲ್ಲ.

ಅನಿ ಹೊಸ್ತಿಲಲ್ಲಿ ಕಾದ. ಕುಕ್ಕರಿನ ಸದ್ದಿಗೆ ಹೆದರಿರಬೇಕು ಅಂದ. ಮರುದಿನ ಕುಕ್ಕರ್ ಇಡಬೇಡ ಎಂದು ಅವ್ವನನ್ನು ಕಾಡಿದ. ಆಗಲೂ ಸದ್ದಿಲ್ಲ. ಅವನು ಮೆಲ್ಲಗೆ ಉಸಿರು ಬಿಡಲು ನೋಡಿ, ಅಳತೆ ಸಿಗದೆ ಕೆಮ್ಮಿದ. ತುಟಿಯ ಸುತ್ತ ಬಣ್ಣ ಬದಲಾದದ್ದನ್ನು ನಾನು ಕಂಡೆ. ಅಪ್ಪ ಅವನನ್ನು ಎತ್ತಿಕೊಂಡು ಆಟೋಗೆ ಓಡಿದರು. ಆಸ್ಪತ್ರೆಯಿಂದ ತಿರುಗಿ ಬಂದ ಮೇಲೆ ಅವನು ಕೇಳಿದ ಮೊದಲ ಮಾತು, "ಕೂಗಿತೇನು?"

"ನಾಳೆ ಕೂಗತದ," ಅಂದಳು ಅವ್ವ. ನನ್ನತ್ತ ನೋಡಲಿಲ್ಲ.

ಅಷ್ಟರಲ್ಲಿ ಚೌತಿ ಬಂತು. ಬಾ ಅವರ ಪರ್ಯೂಷಣದ ಉಪವಾಸ ಮುಗಿದದ್ದೂ ಅದೇ ಹೊತ್ತಿಗೆ. ಅದು ಮುಗಿದಾಗ ಜೈನರು ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ. ಹಬ್ಬದ ಮರುದಿನ ಬೆಳಿಗ್ಗೆ, ಮನೆಯಲ್ಲಿ ಇನ್ನೂ ಕಡಬಿನ ಬೆಲ್ಲದ ವಾಸನೆ ಇರುವಾಗಲೇ, ಬಾ ಮೆಟ್ಟಿಲಿಳಿದು ಬಂದರು. ಬರಿಗಾಲು. ಪ್ರತಿ ಹೆಜ್ಜೆಗೂ ನೆಲ ನೋಡಿಕೊಂಡು ನಡೆಯುವವರು ಅವರು.

ನಮ್ಮ ಹೊಸ್ತಿಲ ಬಳಿ ಅವರ ಕಾಲು ನಿಂತಿತು. ಅವ್ವ ಬರೆದ ಕಮಲದ ಒಂದು ಎಸಳಿನೊಳಗೆ ಜಿರಳೆಯೊಂದು ಅಂಗಾತ ಬಿದ್ದು ಇನ್ನೂ ಕಾಲಾಡಿಸುತ್ತಿತ್ತು. ಅಂಚಿನ ದಪ್ಪ ಗೆರೆ ದಾಟಿ ಬಂದದ್ದು.

ಬಾ ಅದನ್ನು ನೋಡಿದರು. ಆಮೇಲೆ ಅವ್ವನನ್ನು. ಅವ್ವನ ಕೈಯಲ್ಲಿ ಕಡಬಿನ ತಟ್ಟೆಯಿತ್ತು. ಇನ್ನೇನು ಮನೆ ಬಿಡಿ ಎನ್ನುತ್ತಾರೆ ಎಂದು ನಾನು ಅನಿಯ ಅಂಗಿ ಹಿಡಿದುಕೊಂಡೆ.

ಬಾ ಕೈ ಮುಗಿದರು. "ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸನ್ನು ನೋಯಿಸಿದ್ದರೆ ಕ್ಷಮಿಸಿ ಬೆನ್. ಮಿಚ್ಛಾಮಿ ದುಕ್ಕಡಂ."

ಎದುರಿನವರೂ ಅದೇ ಮಾತು ಹೇಳಬೇಕು. ಅವ್ವನಿಗೆ ಆ ಮಾತು ಗೊತ್ತಿತ್ತು. ಬಾಯಿ ತೆರೆದಳು, ಆಗಲಿಲ್ಲ. ಮಾತಾಡಿದವನು ಅನಿ, ತನ್ನ ಹರಕು ಗುಜರಾತಿಯಲ್ಲಿ: "ಬಾ, ನಮ್ಮ ಜೀರುಂಡೆ ಕೂಗುವುದಿಲ್ಲ. ನನಗೆ ಉಸಿರು ಬಿಡಲು ಬರುವುದಿಲ್ಲ."

ಆಗ ಅವ್ವ ತಟ್ಟೆ ಕೆಳಗಿಟ್ಟು ಎಲ್ಲ ಹೇಳಿದಳು. ಹಿಂದಿ ಸಾಲದೆ ಕನ್ನಡದಲ್ಲೇ ಹೇಳಿದಳು. ಡಾಕ್ಟರು, ಹಿಕ್ಕೆ, ಸೀಮೆಸುಣ್ಣ, ಮನೆ ಬಿಡಿಸುತ್ತೀರೆಂಬ ಹೆದರಿಕೆ. ಬಾ ಎಷ್ಟು ಅರ್ಥ ಮಾಡಿಕೊಂಡರೋ. "ಕೊಲ್ಲಬೇಡಿ ಎಂದಿದ್ದೆ," ಅಂದರು. "ಕರೆದು ಉಣ್ಣಿಸಿ ಎಂದಿರಲಿಲ್ಲವಲ್ಲ. ಮಗುವಿಗೆ ಹೀಗೆ ಎಂದು ನನಗೊಂದು ಮಾತು ಹೇಳಬಾರದಿತ್ತೇ?"

ಅಂದೇ ಅವ್ವ ಒದ್ದೆ ಬಟ್ಟೆಯಿಂದ ಗೆರೆಗಳನ್ನೆಲ್ಲ ಒರೆಸಿದಳು. ಬಾ ಮೋರಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದರು. ತಮ್ಮ ಮನೆಯ ಪದ್ಧತಿಯನ್ನೂ ಕೆಳಗೆ ನಮ್ಮ ಮನೆಗೆ ತಂದರು: ಹೊತ್ತು ಮುಳುಗುವ ಮೊದಲೇ ಊಟ, ಕತ್ತಲಾಗುವಷ್ಟರಲ್ಲಿ ಪಾತ್ರೆ ತೊಳೆದು, ಕಟ್ಟೆ ಒಣಗಿಸಿ, ಒಂದು ಅಗುಳೂ ಉಳಿಯದಂತೆ. "ಇಷ್ಟು ಲಗೂ ಉಂಡ್ರ ಮತ್ತ ಹಸಿವಾಗತದ," ಎಂದು ಅಪ್ಪ ಗೊಣಗಿಕೊಂಡೇ ಉಂಡರು. ಜಿರಳೆ ಪೂರ್ತಿ ಹೋಗಲಿಲ್ಲ. ಉಬ್ಬಸವೂ. ಎರಡೂ ಇಳಿದವು.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಸಿಲಿಂಡರಿನ ಹಿಂದೆ ಕಿರ್ರ್ ಎಂದಿತು. ಅನಿ ಉಣ್ಣುವುದನ್ನು ಬಿಟ್ಟು ಎದ್ದ. ಹೊಸ್ತಿಲಲ್ಲಿ ಕೂತು ಬಾಯಿ ಚೂಪು ಮಾಡಿದ. ಅವನಿಗೆ ಅದು ತನ್ನದೇ ಜೀರುಂಡೆ. ಊರಿಗೆ ಹೋಗಿತ್ತು, ಬಂತು.

ನನ್ನ ನೆನಪಿನಲ್ಲಿ ಇನ್ನೊಂದು ಚಿತ್ರವಿದೆ. ಅದರ ಹಿಂದಿನ ಸಂಜೆ ಹಿತ್ತಲಿನ ಗೋಡೆಯ ಹತ್ತಿರ, ಒದ್ದೆ ಹುಲ್ಲಿನಲ್ಲಿ, ಯಾರೋ ಹೆಂಗಸು ಬಾಗಿ ಕೂತಿದ್ದಾಳೆ. ಕೈಯಲ್ಲಿ ಲೋಟ ಮತ್ತು ಲಗ್ನಪತ್ರಿಕೆ. ಒಮ್ಮೆ ನೆನೆದರೆ ಆ ಬೆನ್ನು ಬಾ ಅವರದ್ದು. ಇನ್ನೊಮ್ಮೆ ಅವ್ವನದ್ದು. ಹುಳ ಕಂಡರೆ ಕುರ್ಚಿ ಹತ್ತುವ ಅವ್ವ ಹಾಗೆ ಕೂತಿರಲಾರಳು. ಮಂಡಿನೋವಿನ ಬಾ ಕೂಡ. ಇಬ್ಬರೂ ಅಲ್ಲದೆ, ಆಮೇಲೆ ನಾನೇ ಕಟ್ಟಿಕೊಂಡ ಚಿತ್ರವೂ ಇರಬಹುದು.

ಈಗ ನಾನು ಅಹಮದಾಬಾದಿನ ಮಣಿನಗರದಲ್ಲಿದ್ದೇನೆ. ಅಪ್ಪ ಇಲ್ಲ, ಬಾ ಇಲ್ಲ. ಅವ್ವ ನನ್ನ ಜೊತೆಗಿದ್ದಾಳೆ. ಪೆಸ್ಟ್ ಕಂಟ್ರೋಲಿನವರು ಬಂದು ಕಪಾಟಿನ ಸಂದುಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಔಷಧಿ ಇಟ್ಟು ಹೋಗುತ್ತಾರೆ. ಯಾರಿಗೂ ಹೆದರುವ ಅಗತ್ಯವಿಲ್ಲ, ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟರೆ ಏನೂ ಕೇಳುವುದಿಲ್ಲ.

ಮೊನ್ನೆ ಅನಿ ಸೂರತ್‌ನಿಂದ ಫೋನ್ ಮಾಡಿದ್ದ. ಅವನ ಮಗಳಿಗೂ ಉಬ್ಬಸ ಶುರುವಾಗಿದೆ. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ಉಸಿರು ಬಿಡುವುದನ್ನು ಹೇಳಿಕೊಡಲು ಅವನು ಮೊಬೈಲಿನಲ್ಲಿ ಜೀರುಂಡೆಯ ಸದ್ದು ಹುಡುಕಿ ಹಾಕುತ್ತಾನಂತೆ. "ಅದು ನಿಲ್ಲೋದೇ ಇಲ್ಲಕ್ಕಾ," ಅಂದ. "ಒಂದೇ ಸಮ ಕೂಗತದ. ಅಕಿ ಉಸಿರು ಯಾವಾಗ ತಗೋಬೇಕು?" ಆಮೇಲೆ ಕೇಳಿದ, "ನಂದು ಸತ್ತಿತ್ತೇನು ಆವಾಗ?"

ನನಗೆ ಗೊತ್ತಿಲ್ಲ ಅಂದೆ. ಗೊತ್ತಿರುವವಳು ಎದುರಿಗೇ ಕೂತು ತೊಗರಿಕಾಯಿ ಬಿಡಿಸುತ್ತಿದ್ದಳು. ಫೋನ್ ಇಟ್ಟು ಅವಳ ಪಕ್ಕ ಕೂತೆ.

"ಅವ್ವಾ, ಎರಡನೇ ಜೀರುಂಡಿ ತಂದು ಬಿಟ್ಟವರು ಯಾರು? ನೀನೋ, ಬಾನೋ?"

ಅವ್ವನ ಕೈ ಒಂದು ಕಾಯಿಯ ಮೇಲೆ ನಿಂತಿತು. ಆಮೇಲೆ ಅದನ್ನು ಬಿಡಿಸಿ, ಹುಳ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.