ಮುದುಕವ್ವ ಹಿಡಿದ ಬೆಳಕು

ಲಕ್ಷ್ಮೇಶ್ವರದ ಬಜಾರಿನ ಹಿಂದಿನ ಓಣಿಯಲ್ಲಿ ಪುಂಡಲೀಕಪ್ಪನ ಮನೆ. ಮದುವೆಯ ವಿಡಿಯೊ ತೆಗೆಸುವುದು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಶಿರಹಟ್ಟಿ, ಮುಂಡರಗಿ ಕಡೆಯ ಜನ ಕರೆಯುತ್ತಿದ್ದದ್ದು ಇವನನ್ನೇ. ದೊಡ್ಡ ಕ್ಯಾಮೆರಾ ಹೆಗಲಿಗಿಟ್ಟುಕೊಂಡು ಇವನು ನಿಂತರೆ, ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟು ಹಿಡಿದು ಹೆಂಡತಿ ಮುದುಕವ್ವ ನಿಲ್ಲುತ್ತಿದ್ದಳು.

ಮೊದಮೊದಲು ಲೈಟಿಗೆ ಒಬ್ಬ ಗಂಡಾಳಿದ್ದ. ಆದರೆ ಅರಿಷಿಣ ಹಚ್ಚುವ ಕಡೆ ಅವನು ಕಾಲಿಟ್ಟರೆ ಸಾಕು, ಹೆಂಗಸರು ಹಾಡು ನಿಲ್ಲಿಸಿ ಗೋಡೆಗೆ ಮುಖ ಮಾಡುತ್ತಿದ್ದರು. "ಕೊಡ್ರಿ ಇಲ್ಲೆ, ನಾನ ಹಿಡಿತೀನಿ" ಎಂದು ಒಂದು ದಿನ ಮುದುಕವ್ವನೇ ಮುಂದೆ ಬಂದಳು. ಅವಳು ಒಳಗೆ ಹೋಗಿ ನಾಲ್ಕು ಮಾತಾಡಿ ನಗಿಸಿದರೆ ಹೆಂಗಸರು ಕ್ಯಾಮೆರಾ ಮರೆತುಬಿಡುತ್ತಿದ್ದರು. ಪುಂಡಲೀಕಪ್ಪ ಹೊಸ್ತಿಲಲ್ಲೇ ನಿಂತು ಚಿತ್ರ ತೆಗೆಯುತ್ತಿದ್ದ. ಗಂಡಸರದು ಬೇರೆಯೇ ಪಾಡು. ಫೋಟೊ ಎಂದು ತಿಳಿದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. "ಅಳ್ಳಾಡ್ರಿ, ಮಾತಾಡ್ರಿ, ಇದು ಫೋಟೊ ಅಲ್ಲ" ಎಂದು ಹೇಳಿ ಹೇಳಿ ಅವನ ಗಂಟಲು ಒಣಗುತ್ತಿತ್ತು.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಆ ಕೆಲಸ ನಿಂತಿತು. ಕ್ಯಾಸೆಟ್ಟುಗಳು ಮಾತ್ರ ಟ್ರಂಕಿನಲ್ಲಿ ಉಳಿದವು. ಬೂಸಲು ಹಿಡಿಯುವ ಮೊದಲೇ ಅವನ್ನು ಉಳಿಸಬೇಕೆಂದು ಪುಂಡಲೀಕಪ್ಪ ಒಂದೊಂದಾಗಿ ಹಳೆಯ ಕಂಪ್ಯೂಟರಿಗೆ ಇಳಿಸತೊಡಗಿದ. ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಕುತುಬುದ್ದೀನ ಬಂದು ಅದೇ ಕಂಪ್ಯೂಟರನ್ನು ಮನೆಯ ಸರ್ವರ್ ಮಾಡಿಕೊಟ್ಟ. ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿದ್ದ ಮದುವೆ ವೈಫೈ ಹಿಡಿದು ಪಡಸಾಲೆಯ ಟಿವಿಗೆ ಬರುತ್ತಿತ್ತು.

ಖಬರು ಬೆಳ್ಳಟ್ಟಿಯ ಗದಿಗೆವ್ವನಿಗೂ ಮುಟ್ಟಿತು. ಹರ್ತಿ ಅವಳ ತವರು. ಅಲ್ಲಿ ನಡೆದ ಅವಳ ಮದುವೆಯನ್ನು ತೆಗೆದದ್ದು ಈ ಗಂಡಹೆಂಡಿರೇ. ಅವಳ ಪಾಲಿನ ಕ್ಯಾಸೆಟ್ಟು ಎಂದೋ ಕಳೆದುಹೋಗಿತ್ತು. ತಾಯಿಯೂ ತೀರಿಕೊಂಡಿದ್ದಳು.

"ಅಣ್ಣಾರ, ಅವ್ವ ಹಾಡಿದ್ದು ಅದರಾಗ ಐತೇನ್ರಿ?" ಎಂದು ಬಾಗಿಲಲ್ಲೇ ಕೇಳಿದಳು.

"ಐತೆವಾ, ಕುಂಡ್ರು" ಎಂದು ಪುಂಡಲೀಕಪ್ಪ ಹುರುಪಿನಿಂದ ಟಿವಿ ಹಚ್ಚಿದ.

ಹಾಡು ಕೇಳಿತು, ಆದರೆ ಚಿತ್ರ ಕೆಟ್ಟಿತ್ತು. ಹೆಂಗಸರ ಸಾಲು ಚೌಕಚೌಕ ತುಂಡುಗಳಾಗಿ ಒಡೆದು ಒಂದಕ್ಕೊಂದು ಮೆತ್ತಿಕೊಂಡಿತ್ತು. ಯಾರ ಮುಖಕ್ಕೂ ಕಣ್ಣು ಮೂಗು ಇರಲಿಲ್ಲ. ಗದಿಗೆವ್ವ ಎದ್ದು ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಇದರಾಗ ನಮ್ಮವ್ವ ಯಾರ್ರಿ?" ಎಂದಳು. ಪುಂಡಲೀಕಪ್ಪ ಟಿವಿ ಆರಿಸಿದ. ಚಹಾ ಕುಡಿದು ಅವಳು ಬಸ್ಸಿಗೆ ಹೋದಳು.

ಅವನು ಮಂಕಾಗಿ ಕುಳಿತ. "ಕ್ಯಾಸೆಟ್ಟು ಹಾಳಾಗೈತಿ. ನಾನ ತಡಾ ಮಾಡಿದೆ."

"ಇಲ್ಲರಿ," ಎಂದಳು ಮುದುಕವ್ವ. "ಗದಿಗೆವ್ವನ ಅವ್ವನ ಮುಖದ ಮ್ಯಾಲೆ ಬೆಳಕು ಹಿಡಿದಾಕಿ ನಾನು. ಆಕಿ ಮೂಗುಬಟ್ಟು ಮಿಂಚಿದ್ದು ನನಗಿನ್ನೂ ನೆನಪೈತಿ. ಕಂಪ್ಯೂಟರಿನಾಗ ನೋಡ್ರಿ ಒಮ್ಮೆ."

ಇಬ್ಬರೂ ಹಿಂದಿನ ಕೋಣೆಗೆ ಹೋಗಿ ಅದೇ ಫೈಲನ್ನು ಕಂಪ್ಯೂಟರಿನಲ್ಲೇ ತೆರೆದರು. ಬಣ್ಣ ತುಸು ಮಾಸಿತ್ತು, ಅಷ್ಟೇ. ಮುಖ ಮುಖವಾಗಿಯೇ ಇತ್ತು, ಮೂಗುಬಟ್ಟು ಮಿಂಚುತ್ತಿತ್ತು. ಪುಂಡಲೀಕಪ್ಪನಿಗೆ ಜೀವ ಬಂದಂತಾಯಿತು. ಕ್ಯಾಸೆಟ್ಟೂ ನೆಟ್ಟಗಿದೆ, ಫೈಲೂ ನೆಟ್ಟಗಿದೆ ಎಂದರೆ ಟಿವಿಗೆ ಹೋಗುವ ದಾರಿಯಲ್ಲೇ ಏನೋ ಕೆಡುತ್ತಿದೆ.

ಕುತುಬುದ್ದೀನನಿಗೆ ಫೋನು ಹಚ್ಚಿ ಎಲ್ಲ ಹೇಳಿದ.

"ಅಣ್ಣಾರ, ಟಿವಿಯಾಗ ಚಿತ್ರ ಓಡಾಕ ಬಿಡ್ರಿ. ಈಗ ಕಂಪ್ಯೂಟರಿನಾಗ ಸರ್ವರ್ ಪುಟ ತೆಗೀರಿ. ಟ್ರಾನ್ಸ್‌ಕೋಡ್ ಅಂತ ತೋರಸ್ತೈತೇನು?"

"ಹೌದು, ಹಂಗ ಐತಿ."

"ಅದ ನೋಡ್ರಿ. ಸರ್ವರ್ ನಿಮ್ಮ ಫೈಲ್ ಇದ್ದಂಗ ಕಳಸವಲ್ದು. ಓಡೂಮುಂದನ ಬ್ಯಾರೆ ರೂಪಕ್ಕ ತಿರುವಿ, ಸಣ್ಣದು ಮಾಡಿ ಕಳಸಾಕತ್ತೈತಿ. ಟಿವಿ ಆ್ಯಪಿನಾಗ ಕ್ವಾಲಿಟಿ ಆಟೋಮ್ಯಾಟಿಕ್ ಇರಬೇಕು. ವೈಫೈ ಸ್ವಲ್ಪ ಕುಂಟಿದ್ರ ಸಾಕು, ಅದು ಚಿತ್ರಾನ ಹಿಂಡಿಬಿಡ್ತೈತಿ. ಒರಿಜಿನಲ್ ಅಂತ ಮಾಡ್ರಿ."

ಪುಂಡಲೀಕಪ್ಪ ಬದಲಿಸಿದ. ತುಂಡುಗಳು ಮಾಯವಾದವು. ಆದರೆ ಈಗ ಚಿತ್ರ ನಡೆಯುತ್ತ ನಡೆಯುತ್ತ ನಿಲ್ಲತೊಡಗಿತು. ಹಾಡು ತೊದಲಿತು. ಒಳಗೆ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು.

"ಇನ್ನೂ ಟ್ರಾನ್ಸ್‌ಕೋಡ್ ಅಂತನ ಐತೋ ಕುತುಬು."

"ಹಂಗಾರ ಆ ನಮೂನಿ ಫೈಲ್ ನಿಮ್ಮ ಟಿವಿಗೆ ತಿಳಿಯಂಗಿಲ್ಲ. ಕ್ವಾಲಿಟಿ ಏನಿಟ್ಟರೂ ಸರ್ವರ್ ತಿರುವಬೇಕ. ಮುದಿ ಕಂಪ್ಯೂಟರ್, ಅವಸರದಾಗ ಅದರ ಕೈಲೆ ಆಗವಲ್ದು. ಟಿವಿಗೆ ಹೊಂದೂವಂಥಾ ಒಂದು ಪ್ರತಿ ಮೊದಲ ಮಾಡಿ ಇಟ್ಟುಬಿಡ್ರಿ. ಇಡೀ ದಿನ ಹಿಡದ್ರೂ ಹಿಡೀಲಿ. ಮೂಲದ್ದು ಮಾತ್ರ ಅಳಸಬ್ಯಾಡ್ರಿ."

ಇನ್ನೊಂದು ಮಾತನ್ನೂ ಅವನು ಹೇಳಿಕೊಟ್ಟ. ಕ್ಯಾಸೆಟ್ಟಿನ ಕಾಲದ ಚಿತ್ರ ಸಾಲು ಬಿಟ್ಟು ಸಾಲು ಮೂಡುವಂಥದ್ದು. ಅದನ್ನು ಹಾಗೆಯೇ ಬಿಟ್ಟರೆ ಯಾರಾದರೂ ಕೈ ಆಡಿಸಿದಾಗ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಹೊಸ ಪ್ರತಿ ಮಾಡುವಾಗ ಆ ಸಾಲುಗಳನ್ನು ಕೂಡಿಸುವ ಆಯ್ಕೆಯನ್ನೂ ಒತ್ತಬೇಕು.

ಮೊದಲು ಸಣ್ಣದೊಂದು ತುಣುಕನ್ನು ಮಾತ್ರ ತಿರುಗಿಸಿ ಟಿವಿಯಲ್ಲಿ ನೋಡಿದರು. ಸರ್ವರ್ ಪುಟದಲ್ಲಿ ಡೈರೆಕ್ಟ್ ಪ್ಲೇ ಎಂದು ಬಂತು, ಅಂದರೆ ಫೈಲು ಈಗ ಇದ್ದ ಹಾಗೆಯೇ ಟಿವಿಗೆ ಹೋಗುತ್ತಿತ್ತು. ಫ್ಯಾನು ತಣ್ಣಗಿತ್ತು. ಆಮೇಲೆ ಇಡೀ ಮದುವೆಯನ್ನು ತಿರುಗಿಸಲು ಹಚ್ಚಿ ಪುಂಡಲೀಕಪ್ಪ ನೆಮ್ಮದಿಯಾಗಿ ಉಂಡ.

ಚಿತ್ರ ನೆಟ್ಟಗಾದ ಸುದ್ದಿ ಕೇಳಿ ಮುಂದಿನ ಸಂತೆಗೆ ಬಂದ ಗದಿಗೆವ್ವ ಮಗಳು ಸ್ನೇಹಾಳನ್ನೂ ಕರೆತಂದಿದ್ದಳು. ಈ ಸಲ ಟಿವಿಯಲ್ಲಿ ಗದಿಗೆವ್ವನ ತಾಯಿ ಕಂಡಳು. ಹಸಿರು ಸೀರೆ, ಒದ್ದೆ ಕೈ. ಹಾಡಿನ ನಡುವೆ ಮರೆತ ಸಾಲಿಗಾಗಿ ಪಕ್ಕದವಳ ಬಾಯಿ ನೋಡುವ ಕಳ್ಳನೋಟ. "ಅಜ್ಜಿ ನಿನ್ನಂಗ ಹುಬ್ಬು ಏರಸ್ತಾಳಬೇ" ಎಂದು ಸ್ನೇಹಾ ನಕ್ಕಳು. ಗದಿಗೆವ್ವ ನಗಲಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಹಾಡು ಮುಗಿಯಿತು. ತಾಯಿ ತಾಟಿನಿಂದ ಹೋಳಿಗೆಯ ತುಂಡು ಮುರಿದುಕೊಂಡು ನೇರ ಕ್ಯಾಮೆರಾ ಕಡೆಗೇ ಬಂದಳು. ಚಿತ್ರದ ಅಂಚಿನಲ್ಲಿ ಅವಳ ಕೈ ಮೇಲೆದ್ದಿತು. "ತಂಗಿ, ಮುಂಜಾನಿಂದ ನಿಂತೀ. ಎರಡೂ ಕೈಯಾಗ ದೀಪಾ ಹಿಡಕೊಂಡು ಹೆಂಗ ತಿಂತೀ? ಬಾಯಿ ತೆಗಿ." ಮರುಕ್ಷಣ ಗೋಡೆಯ ಮೇಲಿನ ಬೆಳಕು ಗಡಗಡ ನಡುಗಿತು. ಯಾರೋ ತುಂಬಿದ ಬಾಯಲ್ಲಿ ನಕ್ಕ ಸದ್ದು ಕೇಳಿತು.

"ಅಯ್ಯ ನಮ್ಮವ್ವ," ಎಂದಳು ಮುದುಕವ್ವ. "ಇದು ನನಗ ಮರತ ಹೋಗಿತ್ತು."

ಗದಿಗೆವ್ವ ಅವಳ ಕೈ ಹಿಡಿದುಕೊಂಡಳು. "ಆಕಿ ಹಂಗ ಇದ್ದಳ್ರಿ ಅಕ್ಕಾ. ಯಾರನ್ನೂ ಉಪಾಸ ನಿಲ್ಲಾಕ ಬಿಡ್ತಿದ್ದಿಲ್ಲ." ಆಗ ಅವಳ ಕಣ್ಣು ತುಂಬಿತು. ಹೆಂಗಸರಿಬ್ಬರೂ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಪ್ರತಿ ಸಲ ಬೆಳಕು ನಡುಗಿದಾಗ ಸ್ನೇಹಾ ಚಪ್ಪಾಳೆ ತಟ್ಟಿದಳು.

ಗದಿಗೆವ್ವ ಪೆನ್‌ಡ್ರೈವಿನಲ್ಲಿ ಮದುವೆ ತುಂಬಿಸಿಕೊಂಡು ಬೆಳ್ಳಟ್ಟಿಗೆ ಹೊರಟಳು. ಉಳಿದ ಮದುವೆಗಳಿಗೂ ಹೊಸ ಪ್ರತಿ ಮಾಡುವ ಕೆಲಸಕ್ಕೆ ಪುಂಡಲೀಕಪ್ಪ ಕುಳಿತ. ಅಲ್ಲಿಯವರೆಗೆ ಒಬ್ಬನೇ ಮಾಡುತ್ತಿದ್ದ ಕೆಲಸಕ್ಕೆ ಈಗ ಮುದುಕವ್ವನೂ ಕುರ್ಚಿ ಎಳೆದುಕೊಂಡು ಬಂದಳು. "ಜಲ್ದಿ ಓಡಸಬ್ಯಾಡ್ರಿ," ಎಂದಳು, "ಒಳಗ ಏನೇನ ಆಗಿತ್ತು ಅಂತ ನಾನೂ ನೋಡತೀನಿ."